ಇಬ್ಬರು ರಾಮಚಂದ್ರರು, ಒಂದೇ ರಾವ್

ಭಾರತರತ್ನ ಸಿ.ಎನ್.ಆರ್. ರಾವ್ ಅವರ ಹೆಸರೇನು ಹೇಳಿ ನೋಡೋಣ? ರಾವ್ ಅಂತೀರಾ? ಅಲ್ಲಾರೀ, ರಾಮಚಂದ್ರ. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಸರಿ, ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್? ಉಡುಪಿ ರಾಮಚಂದ್ರ ರಾವ್. ಅವರೂ ರಾಮಚಂದ್ರರೇ! ಒಬ್ಬರದು ರಸಾಯನಶಾಸ್ತ್ರ, ಇನ್ನೊಬ್ಬರದು ಕಾಸ್ಮಿಕ್ ಕಿರಣ, ಉಪಗ್ರಹ. ವಿಜ್ಞಾನದ ಲೇಖನಗಳ ಪಟ್ಟಿ ತೆಗೆದು ನೋಡಿದ್ರೆ ಮಾತ್ರ ಇಬ್ಬರೂ ಬರೀ ರಾವ್, ಪಕ್ಕದಲ್ಲೊಂದಿಷ್ಟು ಇನಿಷಿಯಲ್ಲು.

ಪಬ್‌ಮೆಡ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಲ್ಲಿ ಶುರು ಮಾಡಿದ ಈ ಹುಡುಕುತಾಣವನ್ನ ಪ್ರಪಂಚದ ಎಲ್ಲ ಡಾಕ್ಟರುಗಳು, ಜೀವವಿಜ್ಞಾನಿಗಳು ಬಳಸ್ತಾರೆ. ಅಲ್ಲಿಯ ಪದ್ಧತಿ ಪ್ರಕಾರ ಕೊನೆಯ ಹೆಸರಿನ ಜೊತೆ ಹೆಚ್ಚೆಂದ್ರೆ ಎರಡು ಇನಿಷಿಯಲ್. ಮೂರನೆಯದು ಖೋತಾ. ಹಾಗಾಗಿ ಸಿ.ಎನ್.ಆರ್. ರಾವ್ ಅಲ್ಲಿ 'ರಾವ್ ಸಿ.ಎನ್.' ಆಗ್ತಾರೆ. ಚಿಂತಾಮಣಿ ಉಳೀತು, ಅಪ್ಪ ನಾಗೇಶರು ಉಳಿದ್ರು, ರಾವ್ ಉಳೀತು. ಹೋಗಿದ್ದು ರಾಮಚಂದ್ರ!

ಇದೆಲ್ಲ ನನಗ್ಯಾಕೆ ಅಂದ್ರೆ, ನನ್ನ ಹೊಟ್ಟೆಪಾಡೇ ಇದು. 1976ರಲ್ಲಿ ಹುಟ್ಟಿದ ಜೆನೆನ್‌ಟೆಕ್ ಸೌತ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಮೇಲೆ ಇಲ್ಲಿ ಬಯೋಟೆಕ್ ಕಂಪೆನಿಗಳದೇ ದರ್ಬಾರು. ಅಂಥದ್ದೊಂದು ಸಣ್ಣ ಕಂಪೆನಿಯ ಲೈಬ್ರರಿಗೆ ನಾನು ಸಾಫ್ಟ್‌ವೇರ್ ಬರೀತೀನಿ. ಲೈಬ್ರರಿ ಅಂದ್ರೆ ಕಪಾಟು, ಧೂಳು ಅಂದ್ಕೋಬೇಡಿ, ಅಲ್ಲಿರೋದು ಬರೀ ಡೇಟಾಬೇಸು. ಯಾರು ಬರೆದರು, ಯಾವ ಪತ್ರಿಕೆ, ಯಾವ ವರ್ಷ, ಯಾವ ಪುಟ. (ಈ ಊರು ತನ್ನ ಹೆಸರನ್ನ ಗುಡ್ಡದ ಮೇಲೆ ದೈತ್ಯ ಅಕ್ಷರಗಳಲ್ಲಿ ಬರ್ಕೊಂಡಿದೆ. ಕಿಟಕಿಯಿಂದ ಅದನ್ನ ನೋಡ್ತಾ ನಾನು ಹೆಸರು ಕಳಕೊಂಡವರನ್ನ ಹುಡುಕ್ತಾ ಕೂರ್ತೀನಿ.)

ಬೇರೆ ಬೇರೆ ಕಡೆಯಿಂದ ಬಂದ ದಾಖಲೆಗಳಲ್ಲಿ ಒಂದೇ ಲೇಖಕರನ್ನ ಗುರುತಿಸಿ ಒಟ್ಟು ಮಾಡೋದಕ್ಕೆ ಹಳೇ ಉಪಾಯ ಒಂದಿದೆ: ಕೊನೆಯ ಹೆಸರು, ಜೊತೆಗೆ ಮೊದಲ ಅಕ್ಷರ. ಇವೆರಡೂ ಹೊಂದಿದ್ರೆ ಒಬ್ಬರೇ ಅಂತ ಲೆಕ್ಕ. ಸ್ವೀಡನ್ನಿನ ಅಪರೂಪದ ಹೆಸರುಗಳಿಗೆ ಇದು ನಡೆದೀತು. ನಮ್ಮ ರಾವ್, ಗೌಡ, ಶೆಟ್ಟಿ, ಭಟ್, ಹೆಗಡೆಗಳಿಗೆ? ಜಾತ್ರೆ! ಇನ್ನು ಹೆಣ್ಣುಮಕ್ಕಳದು ಬೇರೆಯೇ ಕಥೆ. ಮದುವೆಗೆ ಮುಂಚೆ ಸುಮಾ ಹೆಸರಿನ ಜೊತೆ ಅಪ್ಪನ ಹೆಸರು, ಆಮೇಲೆ ಗಂಡನ ಹೆಸರು. ಸುಮಾ ಸುಮಾಳಾಗೇ ಇದ್ದಾಳೆ, ಕಂಪ್ಯೂಟರಿಗೆ ಮಾತ್ರ ಇಬ್ಬರು.

ಒಬ್ಬರನ್ನ ಇಬ್ಬರು ಮಾಡಿದ್ರೆ ಆಮೇಲೆ ಜೋಡಿಸಬಹುದು. ಇಬ್ಬರನ್ನ ಒಬ್ಬರು ಮಾಡಿಬಿಟ್ರೆ ಬಿಡಿಸೋದು ನರಕ, ಯಾವ ಲೇಖನ ಯಾರದು ಅನ್ನೋ ಗುರುತೇ ಅಳಿಸಿಹೋಗಿರುತ್ತೆ. ಔಷಧಿಯೊಂದು ಲಿವರ್‌ಗೆ ತೊಂದರೆ ಮಾಡುತ್ತಾ ಅಂತ ಒಬ್ಬ ವಿಜ್ಞಾನಿಯ ಹಿಂದಿನ ಕೆಲಸ ಹುಡುಕೋವಾಗ ಅರ್ಧ ಸಿಕ್ಕಿ ಅರ್ಧ ಸಿಗದೇ ಹೋದ್ರೆ? ಈಗಷ್ಟೇ ಪಿಎಚ್‌ಡಿ ಮುಗಿಸಿದ ಹುಡುಗಿಯ ಲೇಖನ ಇನ್ಯಾರದೋ ಖಾತೆಗೆ ಜಮೆ ಆದ್ರೆ?

"ನೀವೆಲ್ಲ ಒಂದು ಸರ್‌ನೇಮ್ ಇಟ್ಕೊಂಡ್ರೆ ಆಯ್ತಪ್ಪ" ಅನ್ನೋರಿದ್ದಾರೆ. ನಮ್ಮವರೇ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ವೀಸಾದಲ್ಲಿ 'ಎಫ್‌ಎನ್‌ಯು', ಅಂದ್ರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಹಾಕಿಸಿಕೊಂಡವರಿಗೆ ಈ ಉಪದೇಶ ಬಾಯಿಪಾಠ. ನನ್ನನ್ನೂ ಆಫೀಸಲ್ಲಿ ಅಪ್ಪನ ಹೆಸರಿಂದಲೇ ಕರೀತಾರೆ, ಊರಲ್ಲಿರೋ ಅಪ್ಪನಿಗೆ ಈ ವಿಷಯ ಭಾರೀ ಖುಷಿ ಕೊಟ್ಟಿದೆ ಬಿಡಿ. ಆದ್ರೆ ಎರಡು ಡಬ್ಬಿಯ ಫಾರ್ಮಿಗೋಸ್ಕರ ಒಂದು ನಾಡು ತನ್ನ ಹೆಸರಿನ ಪದ್ಧತಿ ಬದಲಿಸಬೇಕು ಅನ್ನೋದನ್ನ ನಾನಂತೂ ಒಪ್ಪಲ್ಲ. ಬದಲಾಗಬೇಕಾದ್ದು ಫಾರ್ಮು. 1985ರ ಬಿಬ್‌ಟೆಕ್ ಒಂದು ಹೆಸರನ್ನ ನಾಲ್ಕು ಭಾಗ ಮಾಡುತ್ತೆ. ಜರ್ಮನರ 'ಫಾನ್'ಗೆ ಜಾಗ ಇದೆ, ಅಮೆರಿಕನ್ನರ 'ಜೂನಿಯರ್'ಗೂ ಇದೆ. ನಮ್ಮ ಊರಿನ ಹೆಸರಿಗೆ, ಅಪ್ಪನ ಹೆಸರಿಗೆ ಇಲ್ಲ. ಅಂದ್ರೆ ಯಾರಿಗೆ ಬೇಕೋ ಅವರಿಗೆ ಜಾಗ ಮಾಡೋದು ಕಷ್ಟ ಏನಲ್ಲ.

ಬೇಜಾರಿನ ಸಂಗತಿ ಅಂದ್ರೆ ಗ್ರಂಥಪಾಲಕರಿಗೆ ಇದೆಲ್ಲ ಎಂದೋ ಗೊತ್ತಿತ್ತು. ಎಸ್.ಆರ್. ರಂಗನಾಥನ್, ಅದೇ ಬೆಂಗಳೂರಲ್ಲಿ 1962ರಲ್ಲಿ ಡಿಆರ್‌ಟಿಸಿ ಕಟ್ಟಿದವರು, ತಮ್ಮ ಕ್ಯಾಟಲಾಗ್ ನಿಯಮಗಳಲ್ಲಿ ಭಾರತೀಯ ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ರು. 1978ರಲ್ಲಿ ಅಮೆರಿಕ, ಬ್ರಿಟನ್, ಕೆನಡಾದವರು ಸೇರಿ ಮಾಡಿದ ಎಎಸಿಆರ್2 ಅನ್ನೋ ಕ್ಯಾಟಲಾಗ್ ನಿಯಮದಲ್ಲಿ ಕನ್ನಡದ ಹೆಸರೇ ಇದೆ ಕಣ್ರೀ! ಕನ್ನಡ, ತಮಿಳು, ತೆಲುಗು, ಮಲಯಾಳಂ ಹೆಸರುಗಳಲ್ಲಿ ಸರ್‌ನೇಮ್ ಇಲ್ಲದಿದ್ರೆ ಸ್ವಂತ ಹೆಸರಿನಡಿ ಸೇರಿಸಿ, ಅದರ ಹಿಂದೆ ಊರಿನ ಹೆಸರು, ಕೆಲವೊಮ್ಮೆ ಅಪ್ಪನ ಹೆಸರು ಇರುತ್ತೆ, ಮುಂದೆ ಜಾತಿಯ ಹೆಸರು ಬರಬಹುದು ಅಂತ. ಪುಸ್ತಕದ ಕ್ಯಾಟಲಾಗಿಗೆ ಈ ಜ್ಞಾನ ಬಂದಿತ್ತು. ಪತ್ರಿಕೆಯ ಲೇಖನಗಳ ಡೇಟಾಬೇಸು ಮಾಡಿದವರು ನಮ್ಮಂಥ ಇಂಜಿನಿಯರುಗಳು, ಪಕ್ಕದ ಕೋಣೆಯ ಲೈಬ್ರರಿಯನ್ನನ್ನ ಕೇಳೋ ಜಾಯಮಾನ ನಮ್ಮದಲ್ಲವಲ್ಲ.

2012ರಲ್ಲಿ ಆರ್ಕಿಡ್ ಬಂತು, ಸಂಶೋಧಕರಿಗೆ 16 ಅಂಕಿಯ ಗುರುತು ಸಂಖ್ಯೆ. ಪುಕ್ಕಟೆ. ಅಲ್ಲಿ ಮೊದಲ ಹೆಸರು ಸಾಕು, ಸರ್‌ನೇಮ್ ಕಡ್ಡಾಯ ಅಲ್ಲ. ಲೇಖನಗಳಿಗೆ ಡಿಒಐ ಸಂಖ್ಯೆ ಕೊಡೋ ಕ್ರಾಸ್‌ರೆಫ್‌ನಲ್ಲಿ ಇದಕ್ಕೆ ಉಲ್ಟಾ, ವ್ಯಕ್ತಿಯ ಹೆಸರು ಹಾಕೋವಾಗ ಸರ್‌ನೇಮ್ ಡಬ್ಬಿ ತುಂಬಲೇಬೇಕು! ಸಂಶೋಧನೆ ಮಾಡ್ತಿರೋ ಗೆಳೆಯರೇ, ಇವತ್ತೇ ಆರ್ಕಿಡ್ ಮಾಡಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಆದ್ರೆ ಅದನ್ನ ಅವರವರೇ ಮಾಡಿಸಿಕೊಳ್ಳಬೇಕು. ಯು.ಆರ್. ರಾವ್ 2017ರಲ್ಲಿ ತೀರಿಕೊಂಡರು. ಅವರಂಥವರ ಪರವಾಗಿ ಯಾರು ಫಾರ್ಮ್ ತುಂಬ್ತಾರೆ?

ಅದಕ್ಕೇ ಲೈಬ್ರರಿಗಳು ಮಾಡಬೇಕಾದ್ದು ಇಷ್ಟು ಅಂತ ನನ್ನ ವಾದ. ಲೇಖನದ ಮೇಲೆ ಅಚ್ಚಾದ ಹೆಸರನ್ನ ಇದ್ದಂತೇ, ಕತ್ತರಿಸದೆ, ಒಂದು ಕಾಲಮ್ಮಿನಲ್ಲಿ ಇಟ್ಕೊಳ್ಳಿ. ಅಕಾರಾದಿ ಜೋಡಣೆಗೆ ಬೇಕಾದ ರೂಪ ಬೇರೆ ಕಾಲಮ್ಮಿನಲ್ಲಿರಲಿ. ಇಬ್ಬರನ್ನ ಒಂದು ಮಾಡೋ ಮುಂಚೆ ಮನುಷ್ಯರೊಬ್ಬರು ನೋಡಲಿ, ಮಾಡಿದ್ದನ್ನ ವಾಪಸ್ ತೆಗೆಯೋಕೆ ದಾರಿ ಇರಲಿ. ನಮ್ಮಲ್ಲಿ ಆ ಮೊದಲ ಕಾಲಮ್ ಕೇಳಿದ್ದಕ್ಕೆ "ಜಾಗ ದಂಡ" ಅಂದ್ರು. ಒಂದು ಹೆಸರಿಗೆ ಎಷ್ಟು ಬೈಟ್ ಬೇಕು ಅಂತ ಲೆಕ್ಕ ಹಾಕಿ ಕಳಿಸಿದ್ದೀನಿ. ಸೋಮವಾರ ಮೀಟಿಂಗ್ ಇದೆ.