ಮನೆಗೆ ಬಂದ ಗಿಳಿ

ಹೊಸದಾಗಿ ಗಿಳಿಯೊಂದು ಮನೆಗೆ ಬಂದಿತೆಂದರೆ ಮಕ್ಕಳಿಗೆ ಹಬ್ಬ. ಅದಕ್ಕೆ ಹೆಸರಿಡುವ, ಮಾತು ಕಲಿಸುವ ಆತುರವು ಎಲ್ಲರಿಗೂ ಉಂಟಾಗುವುದು. ಆದರೆ ಗೃಹಸ್ಥರು ಮೊದಲು ತಿಳಿಯತಕ್ಕದ್ದು, ಈ ಪಕ್ಷಿಯು ಯಾವ ಜಾತಿಯದೆಂಬುದನ್ನು. ಅದನ್ನು ಅರಿಯದೆ ಆರೈಕೆಗೆ ತೊಡಗುವುದು ರೋಗವನ್ನರಿಯದೆ ಔಷಧ ಕೊಟ್ಟಂತೆ.

ವಿಜಯಪುರದಿಂದ ಜಮಖಂಡಿಗೆ ಹೋಗುವ ಹಾದಿಯಲ್ಲಿರುವ ಬಬಲೇಶ್ವರದ ಸೀಮೆಯಲ್ಲಿ, ಜೋಳದ ತೆನೆಗೂ ದ್ರಾಕ್ಷಿಯ ಗೊಂಚಲಿಗೂ ಹಿಂಡುಗಟ್ಟಿ ಬರುವ ಹಸಿರು ಗಿಣಿಯನ್ನು ಅರಿಯದವರಿಲ್ಲ. ಬಾಲವೂ ಸೇರಿ ಅದರ ಉದ್ದವು ಸುಮಾರು 40 ಸೆಂಟಿಮೀಟರು; ಕೊಕ್ಕು ಕೆಂಪು. ಬೆಳೆದ ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಉಂಗುರವಿರುವುದು. ಈ ಉಂಗುರವು ಪೂರ್ಣವಾಗಿ ಮೂಡಲು ಎರಡು ಮೂರು ವರ್ಷಗಳು ಬೇಕು. ಆದುದರಿಂದ ಉಂಗುರವಿಲ್ಲದ ಎಳೆಯ ಹಕ್ಕಿಯನ್ನು ಹೆಣ್ಣೆಂದು ತೀರ್ಮಾನಿಸಲಾಗದು. ಇದಕ್ಕಿಂತ ದೊಡ್ಡದಾಗಿದ್ದು, ಭುಜದ ಮೇಲೆ ಕೆಂಪು ಮಚ್ಚೆಯಿದ್ದರೆ ಅದು ಅಲೆಕ್ಸಾಂಡರನ ಹೆಸರು ಪಡೆದ ಗಿಳಿ. ಮೇಲ್ಗೊಕ್ಕು ಹಳದಿಯಾಗಿ, ತಲೆಯು ಗಂಡಿಗೆ ನೇರಳೆಗೆಂಪು, ಹೆಣ್ಣಿಗೆ ಬೂದುಬಣ್ಣವಾಗಿದ್ದರೆ ಅದು ಇನ್ನೊಂದು ಜಾತಿ.

ಈ ಮೂರೂ ನಮ್ಮ ದೇಶದ ವನ್ಯಪಕ್ಷಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಅಪರಾಧ. ಉಡುಗೊರೆಯಾಗಿ ಬಂದಿತೆಂದರೂ ದೋಷವು ತಪ್ಪದು. ಕಾಯಿದೆಯ ಹಿಂದಿನ ಕಾರಣವನ್ನೂ ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಗಿಳಿಗಳು ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ ಮರದ ಪೊಟರೆಗಳಲ್ಲಿಯೂ ಹಳೆಯ ಗೋಡೆಗಳ ಸಂದುಗಳಲ್ಲಿಯೂ ಮೊಟ್ಟೆಯಿಡುವುವು. ಮರಿಯು ಸುಮಾರು ಏಳು ವಾರ ಗೂಡಿನಲ್ಲಿಯೇ ತಾಯಿತಂದೆಗಳನ್ನು ನೆಚ್ಚಿರುವುದು. ಸಂತೆಗೆ ಬರುವ ಮರಿಯು ಇಂತಹ ಗೂಡಿನಿಂದ ಕಿತ್ತು ತಂದುದೇ. ದಾರಿಯಲ್ಲಿ ಸತ್ತ ಅದರ ಒಡಹುಟ್ಟುಗಳು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ.

ಇಂತಹ ಗಿಳಿಯು ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ಅದಕ್ಕೆ ಮಾಡುವ ಮೊದಲ ಆರೈಕೆ. ಇಲಾಖೆಯ ಸಹಾಯವಾಣಿಯ ಸಂಖ್ಯೆ 1926. ತಾವಾಗಿ ಹಾರಬಿಡಬಾರದು. ರೆಕ್ಕೆ ಕತ್ತರಿಸಿದ ಹಕ್ಕಿಯು ಬೆಕ್ಕಿಗೋ ಹದ್ದಿಗೋ ತುತ್ತಾಗುವುದು. ಒಪ್ಪಿಸುವವರೆಗೆ, ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ಸದ್ದಿಲ್ಲದ ಕಡೆ ಇಡಿರಿ. ಹಾಲು ಕುಡಿಸಬೇಡಿರಿ, ಅದು ಹಕ್ಕಿಗಳಿಗೆ ಜೀರ್ಣವಾಗದು. ಬಾಯಿಗೆ ನೀರು ಹೊಯ್ದರೆ ಶ್ವಾಸನಾಳಕ್ಕೆ ಇಳಿಯಬಹುದು.

ಹಕ್ಕಿ ಸಾಕುವ ಇಚ್ಛೆ ಬಲವಾಗಿದ್ದವರು ಆಸ್ಟ್ರೇಲಿಯ ಮೂಲದ ಬಜ್ಜಿ ಗಿಳಿಯನ್ನು ಸಾಕಬಹುದು. ಇದನ್ನೇ ಹಲವರು ಲವ್ ಬರ್ಡ್ ಎನ್ನುವರು. ಉದ್ದ ಸುಮಾರು 18 ಸೆಂಟಿಮೀಟರು. ಹಲವು ಬಣ್ಣದವುಗಳಲ್ಲಿ, ಬೆಳೆದ ಗಂಡಿನ ಮೂಗಿನ ಮೇಲಿನ ತೊಗಲು ನೀಲಿ, ಹೆಣ್ಣಿನದು ಕಂದು. ಮಕಾವ್, ಆಫ್ರಿಕದ ಬೂದು ಗಿಳಿ ಮುಂತಾದವನ್ನಾದರೋ, ಕಾಯಿದೆಯ 2022ರ ತಿದ್ದುಪಡಿಯ ಮೇರೆಗೆ ಸರಕಾರದಲ್ಲಿ ನೋಂದಾಯಿಸಬೇಕು.

ಪಂಜರವು ಎತ್ತರಕ್ಕಿಂತ ಅಗಲವಾಗಿರಲಿ. ಕೂರಲು ಬೇವಿನ ಸಣ್ಣ ದೊಡ್ಡ ಟೊಂಗೆಗಳು ಉತ್ತಮ. ನವಣೆ, ಸಜ್ಜೆಗಳ ಸಂಗಡ ಕೊತ್ತಂಬರಿ, ಮೆಂತ್ಯದ ಸೊಪ್ಪನ್ನು ತೊಳೆದು ಕೊಡಿರಿ. ಬರಿಯ ಕಾಳಿನಿಂದ ಪೋಷಣೆ ಸಾಲದು. ಉಪ್ಪು, ಕರಿದ ತಿಂಡಿ, ಚಾಕೊಲೇಟು, ಬೆಣ್ಣೆಹಣ್ಣು ಸಲ್ಲವು. ಒಲೆಯ ಹೊಗೆಯೂ, ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಆವಿಯೂ ಪ್ರಾಣಘಾತಕ. ನಮ್ಮ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿ ದಾಟುವುದರಿಂದ ಪಂಜರವು ನೆರಳಿನಲ್ಲಿರಲಿ. ದಿನಕ್ಕೆ ಎರಡು ಬಾರಿ ನೀರು ಬದಲಿಸಿರಿ. ಬಾಯಿ ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಏದುಸಿರು ಬಿಟ್ಟರೆ ಅದಕ್ಕೆ ಸೆಕೆಯ ಬಾಧೆ. ಪುಕ್ಕ ಉಬ್ಬಿಸಿಕೊಂಡು ತಳದಲ್ಲಿ ಕುಳಿತರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ. ಹಕ್ಕಿಗಳು ರೋಗವನ್ನು ಕೊನೆಯವರೆಗೂ ಮರೆಮಾಡುವುವು. ಪಂಜರ ತೊಳೆದ ಬಳಿಕ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು, ಗಿಳಿಗಳಿಂದ ಮನುಷ್ಯರಿಗೆ ಹತ್ತುವ ಜ್ವರವೊಂದುಂಟು.

ಹಸಿರು ಗಿಣಿಯನ್ನು ಒಪ್ಪಿಸುವಾಗ ಮಕ್ಕಳು ಅಳುವುದು ಸಹಜ. ಅವರಿಗೆ ಗದರದೆ ಕಾರಣವನ್ನು ತಿಳಿಯಹೇಳಿರಿ. ಮಾಳಿಗೆಯ ಮೇಲೆ ಒಂದು ಹಿಡಿ ಜೋಳವನ್ನೂ ಮಣ್ಣಿನ ತಟ್ಟೆಯಲ್ಲಿ ನೀರನ್ನೂ ಇಡುವ ಕೆಲಸವನ್ನು ಅವರಿಗೇ ವಹಿಸಿರೆಂದು ನಾವು ಗೃಹಿಣಿಯರಲ್ಲಿ ಬಿನ್ನವಿಸುವೆವು.