‘ಲೈಟೆಡ್’ ಅಂದವರನ್ನ ನೋಡಿ ನಗೋ ಮುಂಚೆ

ಉದ್ದ ಇದೆ, ಮೊದಲೇ ಹೇಳ್ಬಿಡ್ತೀನಿ. ಐದು ಭಾಗ. ಸೇವ್ ಮಾಡಿಟ್ಕೊಂಡು ಬಸ್ಸಲ್ಲಿ ಓದಿದ್ರೂ ಆಯ್ತು.

1/5

ಕಾಲೇಜಲ್ಲಿ ಫಂಕ್ಷನ್ ಮುಗಿದ ಮೇಲೆ ರಿಪೋರ್ಟ್ ಬರೆಯೋ ಕೆಲಸ ಯಾರದಾದರೂ ತಲೆಗೆ ಬಂದೇ ಬರುತ್ತೆ. ಮುಖ್ಯ ಅತಿಥಿಗಳು ದೀಪ ಬೆಳಗಿಸಿದರು ಅನ್ನೋದನ್ನ ಇಂಗ್ಲಿಷಲ್ಲಿ ಬರೀಬೇಕು. ಕೈ ನಿಲ್ಲೋದು ಅಲ್ಲೇ. ‘ಲಿಟ್ ದ ಲ್ಯಾಂಪ್’ ಅನ್ನಬೇಕಾ, ‘ಲೈಟೆಡ್ ದ ಲ್ಯಾಂಪ್’ ಅನ್ನಬೇಕಾ? ಯಾರೋ ಒಬ್ಬರು ಲೈಟೆಡ್ ಅಂತ ಬರೆದು ಗ್ರೂಪಿಗೆ ಹಾಕ್ತಾರೆ. ಎರಡೇ ನಿಮಿಷ, ನಗೋ ಎಮೋಜಿಗಳ ಸಾಲು. “ಲೈಟೆಡ್ ಅಂತೆ ಮಗಾ! ನಾಳೆ ಈಟೆಡ್, ಕಮ್ಡ್ ಅಂತಾನೂ ಬರೀತಾರೆ.”

ಬರೆದವರು ಸುಮ್ಮನೆ ಮೆಸೇಜ್ ಡಿಲೀಟ್ ಮಾಡ್ತಾರೆ. ಮುಂದಿನ ಸಲ ರಿಪೋರ್ಟ್ ಬೇಡ ಅಂತಾರೆ, ಆಮೇಲೆ ನಿರೂಪಣೆ ಬೇಡ, ಆಮೇಲೆ ಸೆಮಿನಾರಲ್ಲಿ “ನೀನೇ ಮಾತಾಡು, ನಾನು ಸ್ಲೈಡ್ ಮಾಡ್ಕೊಡ್ತೀನಿ”. ಇದು ಎಲ್ಲಾ ಕ್ಲಾಸಲ್ಲೂ ನಡೆಯುತ್ತೆ, ಅದರಲ್ಲೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ. ಇಂಟರ್ವ್ಯೂ ಬರೋ ಹೊತ್ತಿಗೆ ಅವರು ಇಂಗ್ಲಿಷಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿರ್ತಾರೆ.

ಈಗ ವಿಷಯಕ್ಕೆ ಬರ್ತೀನಿ. ಲೈಟೆಡ್ ತಪ್ಪಲ್ಲ. ಸುಮಾರಾಗಿ ಸರಿ ಅಂತಾನೂ ಅಲ್ಲ, ಪೂರ್ತಿ ಸರಿ. ಆಕ್ಸ್‌ಫರ್ಡ್ ತೆಗೀರಿ, ಮೆರಿಯಮ್-ವೆಬ್‌ಸ್ಟರ್ ತೆಗೀರಿ, ‘ಲೈಟ್’ ಅನ್ನೋ ಕ್ರಿಯಾಪದದ ಭೂತಕಾಲಕ್ಕೆ ಎರಡೂ ರೂಪ ಕೊಟ್ಟಿದ್ದಾರೆ. ನಕ್ಕವರು ಡಿಕ್ಷನರಿ ನೋಡಿ ನಕ್ಕಿದ್ದಲ್ಲ. ಎಲ್ಲೋ ಒಂದು ಕಡೆ ‘ಲಿಟ್’ ಅಂತ ಉರು ಹೊಡೆದಿದ್ರು, ಅಷ್ಟೇ.

2/5

ಈ ಭಾಗ ನನಗೆ ತುಂಬಾ ಇಷ್ಟ.

ನಾವು ಸಾಮಾನ್ಯವಾಗಿ ಏನಂದ್ಕೋತೀವಿ? ‘ಎಡ್’ ಸೇರಿಸೋದು ನಿಯಮ, ಲಿಟ್ ಅನ್ನೋದು ನಿಯಮ ತಪ್ಪಿಸಿಕೊಂಡ ಒಂದು ವಿಚಿತ್ರ ಪದ ಅಂತ. ಹಾಗಿಲ್ಲ. ಲಿಟ್ ಕೂಡ ಅದೇ ನಿಯಮದ ಮಗು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಲ್ಲಿ ಈ ಪದ ‘ಲೀಹ್ತನ್’ ಅಂತ ಇತ್ತು. ಭೂತಕಾಲಕ್ಕೆ ಕೊನೆಯಲ್ಲಿ ಒಂದು ‘ತೆ’ ಸೇರಿಸಬೇಕು. ಪದದಲ್ಲಿ ಆಗಲೇ ಒಂದು ‘ತ’ ಇದೆ. ಎರಡೂ ಒಂದರೊಳಗೊಂದು ಸೇರಿಹೋದವು. ‘ಲೀಹ್ತೆ’ ಆಯ್ತು. ಕಾಲ ಕಳೀತಾ ನಡುವಿನ ಹಕಾರ ಸವೆದುಹೋಯ್ತು, ಸ್ವರ ಗಿಡ್ಡ ಆಯ್ತು. ಸ್ಪೆಲಿಂಗಿನಲ್ಲಿ ಇವತ್ತಿಗೂ ಸುಮ್ಮನೆ ಕೂತಿರೋ ಜಿ ಮತ್ತು ಎಚ್ ಇವೆಯಲ್ಲ, ಅವು ಆ ಸತ್ತ ಸದ್ದಿನ ಗುರುತು. ಮೀಟ್–ಮೆಟ್, ಫೀಡ್–ಫೆಡ್, ಲೀಡ್–ಲೆಡ್, ಹೈಡ್–ಹಿಡ್, ಎಲ್ಲಾ ಇದೇ ಮನೆಯವು. ಟ ಅಥವಾ ಡ ಸದ್ದಲ್ಲಿ ಮುಗಿಯೋ ಪದಕ್ಕೆ ಮತ್ತೊಂದು ಟ-ಡ ಅಂಟಿಸಿದಾಗ ಬಾಯಿ ಎರಡನ್ನೂ ಒಂದು ಮಾಡಿಬಿಡ್ತು.

ಆದರೆ ಮೀಟೆಡ್ ಅಂತ ಯಾರೂ ಅನ್ನಲ್ಲ, ಲೈಟೆಡ್ ಅಂತ ಅಂದ್ರು. ಅಂದವರು ಸಣ್ಣಪುಟ್ಟ ಜನ ಅಲ್ಲ. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದಲ್ಲಿ, ಹೆಂಡತಿ ಸತ್ತ ಸುದ್ದಿ ಕೇಳಿ ಮ್ಯಾಕ್‌ಬೆತ್ ಆಡೋ ಆ ಪ್ರಸಿದ್ಧ ಮಾತುಗಳಲ್ಲಿ ಬರೋದು ಲೈಟೆಡ್. 1611ರ ಕಿಂಗ್ ಜೇಮ್ಸ್ ಬೈಬಲ್‌ನ ಲೂಕನ ಸುವಾರ್ತೆಯಲ್ಲಿ, ದೀಪ ಹಚ್ಚಿ ಅದನ್ನ ಮುಚ್ಚಿಡೋರು ಯಾರೂ ಇಲ್ಲ ಅನ್ನೋ ಜಾಗದಲ್ಲಿ ಇರೋದೂ ಲೈಟೆಡ್. 1933ರಲ್ಲಿ ಹೆಮಿಂಗ್ವೇ ಬರೆದ ಒಂದು ಕಥೆಯ ಹೆಸರೇ ‘ಎ ಕ್ಲೀನ್, ವೆಲ್-ಲೈಟೆಡ್ ಪ್ಲೇಸ್’. ನೊಬೆಲ್ ಬಂದ ಮನುಷ್ಯ. ಅವರ ಪೋಸ್ಟ್ ಕೆಳಗೂ ನಗೋ ಎಮೋಜಿ ಹಾಕ್ತೀರಾ?

ಇನ್ನೊಂದು ಮಜಾ ಇದೆ. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ಗೂಗಲ್ ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಸುಮಾರು 50 ಲಕ್ಷ ಪುಸ್ತಕಗಳನ್ನ ಕಂಪ್ಯೂಟರಿಗೆ ಕೊಟ್ಟು, ಯಾವ ಪದ ಯಾವ ಕಾಲದಲ್ಲಿ ಎಷ್ಟು ಬಳಕೆಯಲ್ಲಿತ್ತು ಅಂತ ಎಣಿಸಿದ್ರು. ಇಂಗ್ಲಿಷಿನ ಅಡ್ಡಾದಿಡ್ಡಿ ಕ್ರಿಯಾಪದಗಳು ನಿಧಾನಕ್ಕೆ ‘ಎಡ್’ ಕಡೆಗೆ ವಾಲೋದು ಸಾಮಾನ್ಯ. ಬರ್ನ್ಟ್ ಹೋಗಿ ಬರ್ನ್ಡ್ ಬಂದ ಹಾಗೆ. ಆದರೆ ಎರಡು ಪದ ಉಲ್ಟಾ ದಾರಿ ಹಿಡಿದಿದ್ವು. ವೇಕ್ ಒಂದು, ಲೈಟ್ ಇನ್ನೊಂದು. ಶತಮಾನಗಳ ಹಿಂದೆ ಗಿಡ್ಡ ರೂಪ ಇತ್ತು, 1800ರ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರೂ ‘ಎಡ್’ ಹಚ್ಚೋಕೆ ಶುರು ಮಾಡಿದ್ರು, ಆಮೇಲೆ ಮತ್ತೆ ಗಿಡ್ಡ ರೂಪವೇ ಗೆದ್ದಿತು. ಅಂದರೆ 200 ವರ್ಷದ ಹಿಂದೆ ಲಂಡನ್ನಿನಲ್ಲಿ ಈ ರಿಪೋರ್ಟ್ ಬರೆದಿದ್ರೆ, ಹೆಚ್ಚಿನವರ ಕೈಯಲ್ಲಿ ಬರ್ತಿದ್ದಿದ್ದು ಲೈಟೆಡ್!

ನಮ್ಮೂರಿನ ಕಡೆಗೂ ಒಂದು ನೋಟ. 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡಾಗ, ಬೀದಿಗಳು ‘ಲೈಟೆಡ್’ ಆದವು ಅಂತ ಯಾರಾದರೂ ಇಂಗ್ಲಿಷಲ್ಲಿ ಬರೆದಿದ್ರೆ ಒಬ್ಬ ದೊರೆಯೂ ಹುಬ್ಬೇರಿಸ್ತಿರಲಿಲ್ಲ.

3/5

“ಒಂದೇ ಪದಕ್ಕೆ ಎರಡು ಭೂತಕಾಲ ಹೇಗೆ ಇರುತ್ತೆ?” ಅಂತೀರಾ. ನಿಮ್ಮ ಬಾಯಲ್ಲೇ ಇದೆ.

ಬಂದಿತು, ಬಂತು. ಎರಡೂ ಸರಿ ತಾನೇ? ಬಿದ್ದಿತು, ಬಿತ್ತು. ಇದ್ದಿತು, ಇತ್ತು. ಪರೀಕ್ಷೆಯಲ್ಲಿ ಪ್ರಬಂಧ ಬರೆಯುವಾಗ “ಮಳೆ ಬಂದಿತು” ಅಂತ ಬರೀತೀರಿ, ಹೊರಗೆ ಬಂದು “ಮಳೆ ಬಂತು ಕಣೋ ಓಡು” ಅಂತೀರಿ. ಯಾರೂ ನಿಮ್ಮನ್ನ ಸರಿಮಾಡಲ್ಲ. ಮೈಸೂರಿನವರು ಆಯ್ತು ಅಂದ್ರೆ ಧಾರವಾಡದವರು ಆತು ಅಂತಾರೆ, ಎರಡೂ ಕನ್ನಡಾನೇ. (ಹಾಸ್ಟೆಲ್ಲಲ್ಲಿ ಅದಕ್ಕೂ ನಗೋರಿದ್ದಾರೆ. ಅವರಿಗೆ ಬೇರೆ ಸರಣಿ ಬರೀತೀನಿ.)

ಟ-ಡ ನುಂಗೋ ಕತೆಗೂ ನಮ್ಮಲ್ಲಿ ಜೋಡಿ ಇದೆ. ಮಾಡು–ಮಾಡಿದ, ಓಡು–ಓಡಿದ, ನೋಡು–ನೋಡಿದ. ಆದರೆ ಸುಡು? ಸುಟ್ಟ. ಕೊಡು ಕೊಟ್ಟ, ಇಡು ಇಟ್ಟ, ಬಿಡು ಬಿಟ್ಟ. ಎಲ್ಲವೂ ‘ಡು’ವಿನಲ್ಲೇ ಮುಗಿಯೋದು, ಆದರೆ ಕೆಲವು ಮಾತ್ರ ಒತ್ತಾಗಿ ಕುಗ್ಗಿಬಿಟ್ಟಿವೆ. ಸುಡು–ಸುಟ್ಟ ಅನ್ನೋದನ್ನ ಬಾಯಿ ಬಿಟ್ಟು ಹೇಳಿ, ಆಮೇಲೆ ಲೈಟ್–ಲಿಟ್ ಹೇಳಿ. ಎರಡರಲ್ಲೂ ಆಗಿರೋದು ಹೆಚ್ಚುಕಮ್ಮಿ ಒಂದೇ ಕೆಲಸ. ಬೆಂಕಿಯ ಪದಗಳೇ ಹೀಗಾಗಿದ್ದು ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳೋಕೆ ಸುಲಭ.

4/5

“ಹಾಗಾದ್ರೆ ಏನು ಬೇಕಾದ್ರೂ ಬರೀಬಹುದಾ?” ಇಲ್ಲ. ಎರಡೂ ಸರಿ ಅಂದಮಾತ್ರಕ್ಕೆ ಎರಡೂ ಎಲ್ಲಾ ಕಡೆ ಕೂರುತ್ತೆ ಅಂತಲ್ಲ. ಬಂತು, ಬಂದಿತು ಎರಡೂ ಸರಿ, ಆದರೂ ಜಗಳ ಆಡುವಾಗ ಬಂದಿತು ಅನ್ನಲ್ಲ ನೋಡಿ, ಹಾಗೆ.

ನನ್ನನ್ನ ಕೇಳಿದ್ರೆ ರಿಪೋರ್ಟಿಗೆ ಲಿಟ್ ಬರೀರಿ. ಇವತ್ತು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಹೆಚ್ಚು ಓಡ್ತಿರೋದು ಅದು. ಮುಖ ಅರಳಿತು ಅನ್ನೋಕೆ ‘ಲಿಟ್ ಅಪ್’ ಮಾತ್ರ ಸಹಜ, ‘ಲೈಟೆಡ್ ಅಪ್’ ಈಗ ಅಪರೂಪ. ಹೆಮಿಂಗ್ವೇ ಏನೇ ಬರೆದಿರಲಿ, ರೂಮು ಹೇಗಿತ್ತು ಅಂತ ಹೇಳುವಾಗ ಈಗ ವೆಲ್-ಲಿಟ್, ಡಿಮ್ಲಿ ಲಿಟ್ ಅಂತಾನೇ ಹೇಳ್ತಾರೆ. ನಾಮಪದದ ಮುಂದೆ ಒಂಟಿಯಾಗಿ ಬಂದಾಗ ಮಾತ್ರ ಲೈಟೆಡ್ ಇನ್ನೂ ಗಟ್ಟಿಯಾಗಿ ಕೂತಿದೆ: ಲೈಟೆಡ್ ಕ್ಯಾಂಡಲ್, ಲೈಟೆಡ್ ಸಿಗರೇಟ್. ಇನ್ನೊಂದು, ಟ್ಯೂಬ್‌ಲೈಟಿಗೆ ಈ ಎರಡೂ ಬೇಡ. ಉತ್ತರ ಕರ್ನಾಟಕದಲ್ಲಿ ‘ಲೈಟ್ ಹಚ್ಚು’ ಅಂತೀವಿ, ಅದನ್ನ ಹಾಗೇ ಇಂಗ್ಲಿಷಿಗೆ ಎತ್ತಿಕೊಂಡು ಹೋಗೋಕಾಗಲ್ಲ. ಸ್ವಿಚ್ ಒತ್ತಿದ್ರೆ ಅದು ಟರ್ನ್ಡ್ ಆನ್ ಅಥವಾ ಸ್ವಿಚ್ಡ್ ಆನ್.

ಈಗ ನಿಜವಾಗಿ ಎಡವೋ ಜಾಗ. ನಕ್ಕ ಪಾರ್ಟಿಯನ್ನ ಒಂದು ಪ್ರಶ್ನೆ ಕೇಳಿ: “ಲೈಟಿಗೆ ಲಿಟ್ ಮಾತ್ರ ಸರಿ ಅಂದ್ರೆ, ನಿನ್ನೆ ನೋಟ್ಸಲ್ಲಿ ಹಳದಿ ಪೆನ್ನಲ್ಲಿ ಹೈಲಿಟ್ ಮಾಡಿದ್ಯಾ?” ಇಲ್ಲ, ಹೈಲೈಟೆಡ್. ಅಲ್ಲಿ ಯಾಕೆ ಎಡ್? ಯಾಕಂದ್ರೆ ಆ ಕ್ರಿಯಾಪದ ‘ಲೈಟ್’ ಕ್ರಿಯಾಪದದಿಂದ ಹುಟ್ಟಿದ್ದಲ್ಲ. ಹೈಲೈಟ್ ಅನ್ನೋ ನಾಮಪದ ಮೊದಲು, ಅದನ್ನೇ ಆಮೇಲೆ ಕ್ರಿಯಾಪದ ಮಾಡಿಕೊಂಡ್ರು. ನಾಮಪದದಿಂದ ಹೊಸದಾಗಿ ಬಂದವರಿಗೆ ಹಳೇ ಮನೆತನದ ಹಕ್ಕಿಲ್ಲ, ಸಾಮಾನ್ಯ ಸಾಲಲ್ಲಿ ನಿಂತು ‘ಎಡ್’ ತಗೋಬೇಕು. ಸ್ಟೀವನ್ ಪಿಂಕರ್ ಮತ್ತು ಜೊತೆಗಾರರು 1991ರಲ್ಲಿ ಇದರ ಮೇಲೆ ಒಂದು ಸಂಶೋಧನಾ ಪ್ರಬಂಧವನ್ನೇ ಬರೆದಿದ್ದಾರೆ. ಅವರ ಉದಾಹರಣೆ ಬೇಸ್‌ಬಾಲಿನದು: ಬ್ಯಾಟ್ಸ್‌ಮನ್ ಎತ್ತರಕ್ಕೆ ಹೊಡೆದು ಕ್ಯಾಚ್ ಕೊಟ್ರೆ ‘ಫ್ಲೈಡ್ ಔಟ್’ ಅಂತಾರೆ, ‘ಫ್ಲೂ ಔಟ್’ ಅನ್ನಲ್ಲ, ಯಾಕಂದ್ರೆ ಅದು ‘ಫ್ಲೈ ಬಾಲ್’ ಅನ್ನೋ ನಾಮಪದದಿಂದ ಬಂದಿದ್ದು. ನಮಗೆ ಬೇಸ್‌ಬಾಲ್ ಬೇಡ. ಗಂಟೆ ಬಾರಿಸಿದ್ರೆ ರ‍್ಯಾಂಗ್, ಆದರೆ ಊರನ್ನ ರಸ್ತೆ ಸುತ್ತುವರಿದ್ರೆ ರಿಂಗ್ಡ್. ರಿಂಗ್ ರೋಡಲ್ಲಿ ಟ್ರಾಫಿಕ್ಕಲ್ಲಿ ಕೂತಾಗ ಯೋಚಿಸಿ, ಟೈಮ್ ಬೇಕಾದಷ್ಟಿರುತ್ತೆ.

ಕನ್ನಡದಲ್ಲಿ ಇದನ್ನ ನಾವು ದಿನಾ ಮಾಡ್ತೀವಿ. ಹೊರಗಿಂದ ಬಂದ ಪದಕ್ಕೆ ‘ಮಾಡು’ ಅಂಟಿಸಿದ್ರೆ ಕೆಲಸ ಮುಗೀತು: ಸೇವ್ ಮಾಡಿದೆ, ಸ್ವೈಪ್ ಮಾಡಿದೆ, ಹೈಲೈಟ್ ಮಾಡಿದೆ. ಹೊಸಬರಿಗೆಲ್ಲ ಒಂದೇ ಬಾಗಿಲು.

ಈ ಲೆಕ್ಕದ ಚಂದದ ಉದಾಹರಣೆ ಬೆಳದಿಂಗಳಲ್ಲಿದೆ. ಬೆಳದಿಂಗಳ ರಾತ್ರಿ ಅಂದ್ರೆ ಮೂನ್‌ಲಿಟ್ ನೈಟ್. ಅದನ್ನ ಮೂನ್‌ಲೈಟೆಡ್ ಅಂದ್ರೆ ಅರ್ಥವೇ ಬೇರೆ: ಒಂದು ಕಂಪನಿಯ ಸಂಬಳ ತಗೊಂಡು ಕದ್ದುಮುಚ್ಚಿ ಇನ್ನೊಂದು ಕೆಲಸ ಮಾಡಿದ್ದು. 2022ರಲ್ಲಿ ಈ ಕಾರಣಕ್ಕೆ 300 ಜನರನ್ನ ತೆಗೆದಿದ್ದೀವಿ ಅಂತ ಬೆಂಗಳೂರಿನ ವಿಪ್ರೋದ ಅಧ್ಯಕ್ಷರು ಹೇಳಿದಾಗ ಎಲ್ಲಾ ಪೇಪರಲ್ಲೂ ಇದೇ ಪದ. ನೋಡಿ, ಒಂದು ‘ಎಡ್’ ಜಾಸ್ತಿ ಆದ್ರೆ ಕವಿತೆ ಹೋಗಿ ನೌಕರಿ ಹೋಗೋ ವಿಷಯ ಆಗುತ್ತೆ. ಇಲ್ಲಿ ತಪ್ಪಿದ್ರೆ ತಪ್ಪು ಅಂತ ಹೇಳಿ, ನನ್ನ ತಕರಾರಿಲ್ಲ. ದೀಪದ ವಿಷಯಕ್ಕೆ ಬೇಡ.

5/5

ನಿಯಮ ಹೇಳಿ ಮುಗಿಸಿದೆ ಅನ್ನೋಷ್ಟರಲ್ಲಿ ಇಂಗ್ಲಿಷಿನವರೇ ಅದನ್ನ ಮುರಿದು ಕೂತಿದ್ದಾರೆ. ಗ್ಯಾಸ್‌ಲೈಟ್ ಅನ್ನೋ ಪದ ನಿಮಗೆಲ್ಲಾ ಗೊತ್ತು, ರೀಲ್ಸ್ ತುಂಬಾ ಅದೇ. ಎದುರಿನವರಿಗೆ ಅವರ ನೆನಪಿನ ಮೇಲೇ ಅನುಮಾನ ಬರೋ ಹಾಗೆ ಮಾಡೋದು. ಅದು ಬಂದಿದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದಿಂದ, ಮತ್ತೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದುಕೊಟ್ಟ 1944ರ ಸಿನಿಮಾದಿಂದ. 2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ಇದನ್ನ ವರ್ಷದ ಪದ ಅಂತ ಆರಿಸಿತು. ನಾಮಪದದಿಂದ ಬಂದ ಕ್ರಿಯಾಪದ, ಅಂದ್ರೆ ಲೆಕ್ಕದ ಪ್ರಕಾರ ಗ್ಯಾಸ್‌ಲೈಟೆಡ್ ಆಗಬೇಕು. ಆದರೆ ಜನ ಗ್ಯಾಸ್‌ಲಿಟ್ ಅಂತಾನೂ ಧಾರಾಳವಾಗಿ ಅಂತಾರೆ. ಸಿನಿಮಾದವರು ಒಂದು ಪ್ರಾಜೆಕ್ಟಿಗೆ ಒಪ್ಪಿಗೆ ಕೊಟ್ರೆ ಗ್ರೀನ್‌ಲಿಟ್ ಅಂತಾರೆ, ಗ್ರೀನ್‌ಲೈಟೆಡ್ ಅನ್ನೋರೂ ಇದ್ದಾರೆ. ಡಿಕ್ಷನರಿಯಲ್ಲಿ ಎರಡಕ್ಕೂ ಜಾಗ ಸಿಕ್ಕಿದೆ. ಕಿವಿಗೆ ‘ಲಿಟ್’ ಅಷ್ಟು ರೂಢಿಯಾಗಿಬಿಟ್ಟಿದೆ, ನಿಯಮದ ಮಾತು ಕೇಳ್ತಿಲ್ಲ.

ನನಗೆ ಬೇಜಾರಾಗೋದು ಇಲ್ಲೇ. ನ್ಯೂಯಾರ್ಕಿನವರು ಗ್ಯಾಸ್‌ಲಿಟ್ ಅಂದ್ರೆ ಭಾಷೆ ಬೆಳೀತಾ ಇದೆ. ನಮ್ಮ ಹುಡುಗಿ ಒಬ್ಬಳು ಲೈಟೆಡ್ ಅಂದ್ರೆ ಅವಳಿಗೆ ಇಂಗ್ಲಿಷ್ ಬರಲ್ಲ. ಅದೂ ಶೇಕ್ಸ್‌ಪಿಯರ್ ಬಳಸಿದ ರೂಪಕ್ಕೆ! ಹೇಳಿದವರು ಯಾರು, ಯಾವ ಸ್ಕೂಲಿಂದ ಬಂದವರು, ಅವರ ‘ಟ’ ಹೇಗಿದೆ ಅಂತ ನೋಡಿ ಸರಿ-ತಪ್ಪು ತೀರ್ಮಾನ ಮಾಡ್ತಿದ್ದೀವಿ. ಅದನ್ನ ವ್ಯಾಕರಣ ಅನ್ನೋಕೆ ನಾನು ತಯಾರಿಲ್ಲ.

ಮಾರ್ಕ್ಸ್ ಬಗ್ಗೆ ಕೇಳೋರಿಗೆ: ಪೇಪರಲ್ಲಿ ಲೈಟೆಡ್ ಬರೆದಿದ್ದಕ್ಕೆ ಕೆಂಪು ಗೆರೆ ಬಿದ್ರೆ, ಡಿಕ್ಷನರಿಯ ಪುಟ ತಗೊಂಡು ಹೋಗಿ ಮರ್ಯಾದೆಯಿಂದ ಕೇಳಿ, “ಸರ್, ಎರಡೂ ಕೊಟ್ಟಿದ್ದಾರಲ್ಲ, ಒಂದು ಸಲ ನೋಡ್ತೀರಾ?” ಅಂತ. ಎಷ್ಟೋ ಜನ ಮೇಷ್ಟ್ರಿಗೆ ಇಂಥ ಪ್ರಶ್ನೆ ಖುಷಿ ಕೊಡುತ್ತೆ. ಕೊಡದಿದ್ರೂ ಅರ್ಧ ಮಾರ್ಕ್ ತಾನೇ.

ಗ್ರೂಪಲ್ಲಿ ಯಾರಾದರೂ ನಗೋಕೆ ಶುರು ಮಾಡಿದ್ರೆ ಮಾತ್ರ ಸುಮ್ಮನಿರಬೇಡಿ. “ನಿನ್ನೆ ಪಾರ್ಟಿ ಲಿಟ್ ಆಗಿತ್ತು” ಅಂತ ಸ್ಟೋರಿ ಹಾಕಿರ್ತಾರಲ್ಲ, ಆ ಲಿಟ್ ಬಗ್ಗೆ ಕೇಳಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಆಡುಮಾತಲ್ಲಿ ಅದಕ್ಕೆ ಕುಡಿದು ಟೈಟಾಗಿರೋದು ಅಂತ ಅರ್ಥ ಇತ್ತು. ಆ ಸ್ಟೋರಿ ಅವರಮ್ಮನೂ ನೋಡ್ತಾರೆ.