ಕಾರ್ತಿಕದ ಮೋಡ, ಹೊಲದ ರಾಗಿ



ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಕಾರ್ತಿಕ ಮಾಸ ಕೊನೆ ಮುಟ್ಟುತ್ತಾ ಬಂದಿರುತ್ತದೆ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವಾಗ ಬೆರಳು ಜುಮ್ಮೆನ್ನುತ್ತೆ, ಅವರೆಯ ಮೇಲೆ ಇಬ್ಬನಿ ಕೂತಿರುತ್ತೆ. "ಇನ್ನೇನು ಮಳೆಗಾಲ ಮುಗಿಯಿತು" ಎಂದು ಛತ್ರಿಗಳನ್ನು ಒರೆಸಿ ಅಟ್ಟಕ್ಕೆ ಏರಿಸುವ ಕಾಲ. ಆದರೆ ಶರದೃತು ಮುಗಿದು ಹೇಮಂತ ಕಾಲಿಡುವ ಈ ಸಂಧಿಯ ವಾರಗಳಿವೆಯಲ್ಲ, ಇವನ್ನು ನಂಬಿ ಕೆಟ್ಟವರು ಬಹಳ ಮಂದಿ. ಅವರಲ್ಲಿ ನಾನೂ ಒಬ್ಬಳು.

ಬರುವ ವಾರ ನಿಮ್ಮೂರಲ್ಲಿ ಮಳೆಯೋ ಬಿಸಿಲೋ ಎಂದು ಈ ಅಂಕಣದಲ್ಲಿ ಹೇಳುವುದು ಸಾಧ್ಯವಿಲ್ಲ. ನಾನು ಬರೆದು, ಅದು ಅಚ್ಚಾಗಿ, ನಿಮ್ಮ ಮನೆಗೆ ಬರುವಷ್ಟರಲ್ಲಿ ಆಕಾಶ ಹತ್ತು ಸಲ ಬಣ್ಣ ಬದಲಿಸಿರುತ್ತದೆ. ಆದರೆ ರೇಡಿಯೋದಲ್ಲಿ, ಟಿ.ವಿ.ಯಲ್ಲಿ, ಫೋನಿನಲ್ಲಿ ಬರುವ ವಾರದ ಮುನ್ಸೂಚನೆಯನ್ನು ಹೇಗೆ ಕೇಳಿಸಿಕೊಳ್ಳಬೇಕು, ಕೇಳಿದ ಮೇಲೆ ಮನೆಗೆಲಸವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ನಷ್ಟ ಪಟ್ಟು ಕಲಿತಿದ್ದೇನೆ. ಅದನ್ನೇ ಇವತ್ತು ಹೇಳುತ್ತೇನೆ.

2021ರ ನವೆಂಬರ್. ನಮ್ಮದು ತಿಪಟೂರು ಕಡೆ. ಊರಾಚೆ ಎರಡು ಎಕರೆ ಹೊಲ. ಅದರ ರಾಗಿಯೇ ನಮ್ಮ ವರ್ಷದ ಮುದ್ದೆ, ಅದರ ಹುಲ್ಲೇ ಕೊಟ್ಟಿಗೆಯ ಹಸುವಿಗೆ ಬೇಸಿಗೆಯ ಮೇವು. ತುಳಸಿ ಹಬ್ಬದ ಆಸುಪಾಸಿನಲ್ಲಿ ಎರಡು ದಿನ ಬಿಸಿಲು ಕಂಡಿತೆಂದು ಆಳು ಕರೆಸಿ ಕುಯ್ಲು ಮಾಡಿಸಿದೆವು. ಕುಯ್ದ ತೆನೆ ಹುಲ್ಲನ್ನು ಹೊಲದಲ್ಲೇ ಅರಿ ಹಾಕಿ, ನಾಲ್ಕೈದು ದಿನ ಒಣಗಲಿ ಎಂದು ಬಿಟ್ಟು ಬಂದೆವು. ಮೂರನೆಯ ದಿನ ರಾತ್ರಿ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ನವೆಂಬರ್ 19ರ ಬೆಳಗಿನ ಜಾವ ಚೆನ್ನೈ ಮತ್ತು ಪುದುಚೇರಿಯ ನಡುವೆ ವಾಯುಭಾರ ಕುಸಿತವೊಂದು ದಡ ದಾಟಿತ್ತು. ಅದರ ಮೋಡವೆಲ್ಲ ನಮ್ಮ ಮೇಲೇ ಬಂದಿತ್ತು. ನಾಲ್ಕು ದಿನ ಬಿಟ್ಟು ಹೊಲಕ್ಕೆ ಹೋದರೆ ಅರಿ ನೀರಿನಲ್ಲಿ ಮಲಗಿತ್ತು, ತೆನೆಯಲ್ಲೇ ರಾಗಿ ಬೆಳ್ಳಗೆ ಮೊಳಕೆ ಒಡೆದಿತ್ತು. ನಮ್ಮತ್ತೆ ಒಂದು ತೆನೆ ಎತ್ತಿ ಮೂಸಿ ನೋಡಿದರು, ಏನೂ ಮಾತಾಡದೆ ಬದುವಿನ ಮೇಲೆ ಕೂತುಬಿಟ್ಟರು.

ಆ ವರ್ಷ ನಷ್ಟ ನಮಗೊಬ್ಬರಿಗೇ ಆಗಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯೆಲ್ಲ ರಾಗಿ ಹೊಲದಲ್ಲೇ ಮಣ್ಣುಪಾಲಾಯಿತು. ಟೊಮೆಟೊ ಬೆಲೆ ಬೆಂಗಳೂರಿನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದು ನಿಮಗೂ ನೆನಪಿರಬಹುದು. ಆದರೆ ನನಗೆ ನೋವಾದದ್ದು ಬೇರೆ ಕಾರಣಕ್ಕೆ. ಮಳೆ ಬರುತ್ತೆ ಎಂಬ ಸುದ್ದಿ ನಮ್ಮ ಮನೆಯವರ ಫೋನಿಗೆ ಎರಡು ದಿನ ಮೊದಲೇ ಬಂದಿತ್ತಂತೆ! ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಸ್ನೇಹಿತರ ಜತೆ ಅದನ್ನೇ ಮಾತಾಡಿದ್ದರಂತೆ. "ನನಗ್ಯಾಕೆ ಹೇಳಲಿಲ್ಲ?" ಅಂದರೆ, "ನೀನೆಲ್ಲಿ ಕೇಳಿದೆ?" ಅಂದರು. ನಾಲ್ಕು ದಿನ ನಮ್ಮಿಬ್ಬರಿಗೂ ಮಾತಿಲ್ಲ.

ಕೋಪ ಇಳಿದ ಮೇಲೆ ಯೋಚಿಸಿದೆ. ಅವರು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಸಂಜೆ ವಾರ್ತೆಯ ಕೊನೆಗೆ ಹವಾಮಾನ ಅಂದ ಕೂಡಲೇ ಧಾರಾವಾಹಿಗೆ ತಿರುಗಿಸುತ್ತಿದ್ದವಳು ನಾನೇ. ನಮ್ಮ ಮನೆಗಳಲ್ಲಿ ಹೀಗೇ ಅಲ್ಲವೇ? ಮುನ್ಸೂಚನೆ ಕೇಳುವವರು ಒಬ್ಬರು, ಅಂಗಳದಿಂದ ಎತ್ತಿಡಬೇಕಾದವರು ಇನ್ನೊಬ್ಬರು. ಬಟ್ಟೆ, ಬೇಳೆ, ಸೌದೆ, ಕಾಳು ಎಲ್ಲ ಬಿಸಿಲಿಗೆ ಹಾಕುವವರು ನಾವು. ಆಕಾಶದ ಸುದ್ದಿ ಮಾತ್ರ ಗಂಡಸರ ಸುದ್ದಿ ಎಂದು ಬಿಟ್ಟುಕೊಟ್ಟಿದ್ದೇವೆ.

ಈ ಮಳೆ ಎಲ್ಲಿಂದ ಬರುತ್ತೆ ಅಂತ ಮೊದಲು ತಿಳಿಯೋಣ. ಜೂನಿನಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಬೀಸಿದ ಮುಂಗಾರು ಅಕ್ಟೋಬರ್ ನಡುವಿನ ಹೊತ್ತಿಗೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಇದೇ ಹಿಂಗಾರು, ಡಿಸೆಂಬರ್‌ವರೆಗೂ ಇದರ ಕಾಲ. ಬಂಗಾಳ ಕೊಲ್ಲಿಯ ನೀರು ಆಗಿನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಗಾಳಿಯ ಒತ್ತಡ ಕಡಿಮೆಯಾದರೆ ಮೋಡ ಕೂಡಿ ಸುಳಿ ಸುತ್ತುತ್ತದೆ. ಮೊದಲು ಕಡಿಮೆ ಒತ್ತಡ, ಬಲ ಹೆಚ್ಚಿದರೆ ವಾಯುಭಾರ ಕುಸಿತ, ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ. ಅದು ತಮಿಳುನಾಡಿನ ಕಡೆಗೋ ಆಂಧ್ರದ ಕಡೆಗೋ ಸರಿದಾಗ ಅದರ ಸೆರಗು ನಮ್ಮ ಮೇಲೂ ಹಾಯುತ್ತದೆ. ನಮ್ಮ ಹಿರಿಯರು ಇದನ್ನೇ ವಿಶಾಖ ಮಳೆ, ಅನೂರಾಧ ಮಳೆ ಎಂದು ಲೆಕ್ಕವಿಟ್ಟಿದ್ದರು.

ಈಗ ಮುನ್ಸೂಚನೆಯ ಮಾತುಗಳು. ಹವಾಮಾನ ಇಲಾಖೆ ನಮ್ಮ ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಭಾಗ ಮಾಡಿದೆ. ಮಲೆನಾಡಿನ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಕೂಡ ದಕ್ಷಿಣ ಒಳನಾಡಿಗೇ ಸೇರುತ್ತವೆ. ನಿಮ್ಮದು ಯಾವ ಭಾಗ ಎಂದು ಮೊದಲು ಗುರುತಿಟ್ಟುಕೊಳ್ಳಿ.

"ಒಂದೆರಡು ಕಡೆ ಮಳೆ" ಎಂದರೆ ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಪಾಲಿನಲ್ಲಿ ಮಳೆ. "ಕೆಲವು ಕಡೆ" ಎಂದರೆ ಅರ್ಧದವರೆಗೆ. "ಹಲವು ಕಡೆ" ಎಂದರೆ ಮುಕ್ಕಾಲಿನವರೆಗೆ. "ಬಹುತೇಕ ಕಡೆ" ಎಂದರೆ ಅದಕ್ಕೂ ಮೇಲೆ. ಹಾಗಾಗಿ "ಒಂದೆರಡು ಕಡೆ" ಎಂದ ದಿನ ನಮ್ಮೂರಲ್ಲಿ ಹನಿ ಬೀಳದಿದ್ದರೆ ಇಲಾಖೆಯವರು ಸುಳ್ಳು ಹೇಳಿದರು ಅನ್ನಬಾರದು. "ಬಹುತೇಕ ಕಡೆ" ಎಂದ ದಿನ ಮಾತ್ರ ಅಂಗಳದಲ್ಲಿ ಏನನ್ನೂ ಬಿಡಬೇಡಿ.

ಇನ್ನು ಮಿಲಿಮೀಟರ್ ಲೆಕ್ಕ. ಇದು ಅಡಿಗೆಮನೆ ಲೆಕ್ಕದಷ್ಟೇ ಸುಲಭ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಹತ್ತಡಿಗೆ ಹತ್ತಡಿ ಅಂಗಳದ ಮೇಲೆ 20 ಮಿ.ಮೀ. ಸುರಿದರೆ ಸುಮಾರು 185 ಲೀಟರ್, ಅಂದರೆ 15 ಲೀಟರಿನ ಹನ್ನೆರಡು ಬಿಂದಿಗೆ! ಇದಕ್ಕೆ ಇಲಾಖೆಯವರು "ಸಾಧಾರಣ ಮಳೆ" ಅನ್ನುತ್ತಾರೆ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಮಾತ್ರ ಅದು "ಭಾರೀ ಮಳೆ". ಒಣಗಲು ಹಾಕಿದ ಕಾಳನ್ನು ಹಾಳು ಮಾಡಲು ಭಾರೀ ಮಳೆ ಬೇಕೇ? ಸಾಧಾರಣವೇ ಸಾಕು.

ಬಣ್ಣಗಳನ್ನೂ ಮರೆಯಬೇಡಿ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ತಡ ಮಾಡದೆ ಮಾಡಬೇಕಾದ್ದನ್ನು ಮಾಡಿ.

ಒಂದು ವಾರದ ಮುನ್ಸೂಚನೆಯ ಏಳು ದಿನಕ್ಕೂ ಒಂದೇ ತೂಕವಿಲ್ಲ. ಮೊದಲ ಎರಡು ಮೂರು ದಿನದ್ದನ್ನು ಹೆಚ್ಚು ನಂಬಬಹುದು. ಕೊನೆಯ ದಿನಗಳದ್ದು ಬದಲಾಗುತ್ತಿರುತ್ತದೆ, ಏಕೆಂದರೆ ಸಮುದ್ರದ ಮೇಲಿನ ಸುಳಿ ದಿಕ್ಕು ಬದಲಿಸಬಹುದು, ಅಲ್ಲೇ ಕರಗಿಯೂ ಹೋಗಬಹುದು. ಒಂದು ದಿನ ಕೇಳಿ ಸುಮ್ಮನಾಗದೆ ದಿನಾ ಕೇಳಬೇಕು. ಮಂಗಳವಾರ ಮತ್ತು ಶುಕ್ರವಾರ ರೈತರಿಗೆಂದೇ ಜಿಲ್ಲಾವಾರು ಸಲಹೆ ಕೊಡುತ್ತಾರೆ. ಅದಕ್ಕಾಗಿ 2019ರಲ್ಲಿ ಬಂದ ಮೇಘದೂತ ಎಂಬ ಆ್ಯಪ್‌ನಲ್ಲಿ ಕನ್ನಡದಲ್ಲೂ ಓದಬಹುದು. ಫೋನು ಹಿಡಿಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವನ್ನು ಕೇಳಿ.

ನಮ್ಮ ಮೈಗೇ ತಿಳಿಯುವ ಗುರುತೂ ಒಂದಿದೆ. ನಾಲ್ಕು ದಿನ ಕೊರೆಯುತ್ತಿದ್ದ ರಾತ್ರಿ ಇದ್ದಕ್ಕಿದ್ದಂತೆ ಬೆಚ್ಚಗಾಗಿ, ಬೆಳಿಗ್ಗೆ ಇಬ್ಬನಿ ಕಾಣದಿದ್ದರೆ ಆಕಾಶಕ್ಕೆ ಮೋಡದ ಕಂಬಳಿ ಬಿದ್ದಿದೆ ಎಂದು ತಿಳಿಯಿರಿ. ಭೂಮಿಯ ಬಿಸಿಯನ್ನು ಅದು ಮೇಲೆ ಹೋಗಗೊಡುವುದಿಲ್ಲ. ಅಂಥ ದಿನ ಸುದ್ದಿ ಕೇಳುವುದನ್ನು ತಪ್ಪಿಸಬೇಡಿ.

ಇನ್ನು ಕೆಲಸ ಹೊಂದಿಸುವ ರೀತಿ. ವಾರದ ಮೊದಲ ಭಾಗ ಒಣ ಹವೆ ಎಂದಿದ್ದರೆ ಹಾಸಿಗೆ, ಹೊದಿಕೆ, ದಪ್ಪ ಬಟ್ಟೆ ಆಗಲೇ ಒಗೆದುಬಿಡಿ. ಬಾಣಂತಿ, ಹಸುಗೂಸು ಇರುವ ಮನೆಯಲ್ಲಿ ನಾಲ್ಕು ದಿನಕ್ಕಾಗುವಷ್ಟು ಬಟ್ಟೆ ಒಣಗಿಸಿ ಮಡಿಸಿಡಿ. ಬಚ್ಚಲೊಲೆಗೆ ಬೇಕಾಗುವ ಸೌದೆ, ತೆಂಗಿನ ಗರಿ ಒಳಗೆ ಸೇರಲಿ. ಹಿಟ್ಟು ಬೀಸಿಸುವುದಿದ್ದರೆ ಮೋಡ ಕಟ್ಟುವ ಮೊದಲೇ ಬೀಸಿಸಿಕೊಳ್ಳಿ. ಗುಡುಗು ಮಿಂಚು ಎಂದ ಸಂಜೆ ಹಗ್ಗದ ಮೇಲಿನ ಬಟ್ಟೆಗೆಂದು ಬಯಲಿಗೆ ಓಡಬೇಡಿ. ಬಟ್ಟೆ ನೆಂದರೆ ಮತ್ತೆ ಒಣಗುತ್ತದೆ.

ಹೊಲದಲ್ಲಿ ಅರಿ ಇದ್ದರೆ ಒಣಗಿದಷ್ಟನ್ನು ಕಟ್ಟಿ ಎತ್ತರದ ಜಾಗದಲ್ಲಿ ಮೆದೆ ಹಾಕಿ ಟಾರ್ಪಾಲು ಮುಚ್ಚಬೇಕು. ಆದರೆ ಹಸಿಯಾದ ಹುಲ್ಲನ್ನು ಒತ್ತಿ ಮೆದೆ ಹಾಕಬೇಡಿ, ಒಳಗೇ ಕಾವು ಬಂದು ಕೊಳೆಯುತ್ತದೆ. ಇನ್ನೂ ಕುಯ್ಯದ ಪೈರಾದರೆ ನಿಂತಿರಲಿ, ಮಳೆ ಹೋದ ಮೇಲೆ ಕುಯ್ಯಿರಿ. ನೆಂದು ಮುಗ್ಗಲು ವಾಸನೆ ಬಂದ ಕಾಳನ್ನು, ಬೂಷ್ಟು ಹಿಡಿದ ಕಡಲೆಕಾಯಿಯನ್ನು "ತೊಳೆದು ಬಿಸಿಲಿಗೆ ಹಾಕಿದರಾಯ್ತು" ಎನ್ನಬೇಡಿ. ಕೆಲವು ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ, ಈಲಿಗೆ ಕೇಡು. ಮಕ್ಕಳಿಗಂತೂ ಕೊಡಲೇಬೇಡಿ. 2021ರಲ್ಲಿ ನಮ್ಮತ್ತೆ ಕೆಟ್ಟ ರಾಗಿಯನ್ನು ತಿಪ್ಪೆಗೆ ಹಾಕಿಸುವಾಗ ಕಣ್ಣೀರು ಹಾಕಿದರು, ಆದರೂ ಹಾಕಿಸಿದರು.

ಆ ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ರಾತ್ರಿ ಊಟಕ್ಕೆ ಕೂತಾಗ ಮುನ್ಸೂಚನೆಯನ್ನು ನಮ್ಮ ಮಗಳು ಎಲ್ಲರಿಗೂ ಕೇಳುವಂತೆ ಓದುತ್ತಾಳೆ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಪಕ್ಕ ಪೆನ್ಸಿಲಿನಿಂದ ಬಿಸಿಲೋ ಮೋಡವೋ ಮಳೆಯೋ ಬರೆಯುತ್ತಾಳೆ. ಸುದ್ದಿ ಬದಲಾದರೆ ಅಳಿಸಿ ಬರೆಯುತ್ತಾಳೆ.

2024ರಲ್ಲಿ ಫೆಂಗಲ್ ಚಂಡಮಾರುತ ಬಂದಿತಲ್ಲ, ಆಗ ಇದರ ಬೆಲೆ ಗೊತ್ತಾಯಿತು. ನವೆಂಬರ್ 30ರ ಶನಿವಾರ ರಾತ್ರಿ ಅದು ಪುದುಚೇರಿಯ ಬಳಿ ದಡ ದಾಟಿತು. ಆಮೇಲೆ ಬಲ ಕಳೆದುಕೊಂಡರೂ ಅದರ ಮೋಡ ಒಳನಾಡಿನ ಮೇಲೆ ಹಾದು, ಮೈಸೂರು, ಕೊಡಗು, ಕರಾವಳಿಯವರೆಗೂ ಮಳೆ ಸುರಿಸಿತು. ನಮ್ಮ ಅರಿ ಹೊಲದಲ್ಲೇ ಇತ್ತು. ಗುರುವಾರ ರಾತ್ರಿ ಮಗಳು ಓದಿದ್ದನ್ನು ಕೇಳಿ ನಮ್ಮತ್ತೆಯೇ "ನಾಳೆ ಎತ್ತಿಬಿಡೋಣ" ಅಂದರು. ಶುಕ್ರವಾರ ಬೆಳಿಗ್ಗೆ ಇವರೇ ಆಳು ಕರೆದುಕೊಂಡು ಬಂದರು. ಶನಿವಾರ ಮಧ್ಯಾಹ್ನಕ್ಕೆ ಮೆದೆಯಾಗಿ, ಟಾರ್ಪಾಲು ಹೊದಿಸಿ, ಕಲ್ಲು ಹೇರಿಯಾಗಿತ್ತು. ಆಮೇಲೆ ಸುರಿದ ಮಳೆಗೆ ಒಂದು ತೆನೆಯೂ ನೆನೆಯಲಿಲ್ಲ.

ಪ್ರತಿ ಸಲವೂ ಹೀಗೇ ಆಗುತ್ತದೆ ಎಂದಲ್ಲ. ಒಮ್ಮೆ ಮಳೆ ಅಂದರು, ಎಲ್ಲ ಎತ್ತಿಟ್ಟೆವು, ಫಳಫಳ ಬಿಸಿಲು! ಪಕ್ಕದ ಮನೆಯವರು ನಕ್ಕರು. ನಗಲಿ ಬಿಡಿ. ಸುಳ್ಳಾದ ಮುನ್ಸೂಚನೆಗೆ ಹೋಗುವುದು ಒಂದು ದಿನದ ಕೂಲಿ. ನಿಜವಾದದ್ದನ್ನು ಕೇಳದಿದ್ದರೆ ಹೋಗುವುದು ಒಂದು ವರ್ಷದ ಹಿಟ್ಟು.

ರಾಗಿ ನಿಮ್ಮದಲ್ಲದಿದ್ದರೂ ಮಾತು ಇದೇ. ಮಲೆನಾಡಿನ ಸೋದರಿಯರಿಗೆ ಅಂಗಳದ ಅಡಿಕೆ, ಕೊಡಗಿನವರಿಗೆ ಕಣದ ಕಾಫಿ, ಕಲಬುರಗಿ ಕಡೆಯವರಿಗೆ ಹೂ ಬಿಟ್ಟ ತೊಗರಿ. ಮೋಡ ಕವಿದರೆ ಎಲ್ಲರ ಎದೆಯೂ ಡವಡವ ಎನ್ನುತ್ತೆ. ಅಂಗಳವೇ ಇಲ್ಲದ ಬಾಡಿಗೆ ಮನೆಯವರಿಗೂ ಮಕ್ಕಳ ಸಮವಸ್ತ್ರ ಒಣಗಬೇಕು ತಾನೇ?

ಇವತ್ತು ರಾತ್ರಿಯೇ ಶುರು ಮಾಡಿ. ಊಟದ ಹೊತ್ತಿಗೆ, "ಈ ವಾರ ಆಕಾಶದ ಸಮಾಚಾರ ಏನ್ರೀ?" ಎಂದು ಒಂದು ಮಾತು ಕೇಳಿ. ಕ್ಯಾಲೆಂಡರಿನ ಪಕ್ಕ ಒಂದು ಪೆನ್ಸಿಲು ಕಟ್ಟಿಡಿ. ನಿಮ್ಮೂರಿನ ಹಿರಿಯರು ಮಳೆ ಗುರುತಿಸುವ ರೀತಿ ಬೇರೆಯಿದ್ದರೆ ನನಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯ ಹೊತ್ತಿಗೆ ಸೊಗಡವರೆ ಸಂತೆಗೆ ಬಂದಿರುತ್ತದೆ. ಹಿತಕಿದ ಬೇಳೆ ಸಾರಿನ ಜತೆ ಮತ್ತೆ ಸಿಗೋಣ.